ಕಣ್ಣು ಬೇನೆಗೆ ಹತ್ತು ನಿಮಿಷದ ತಪಾಸಣೆ: ಯಾರು ಮಾಡಿಸಬೇಕು, ಹೇಗೆ ಮಾಡಬೇಕು, ಗೆರೆಯನ್ನು ಎಷ್ಟು ನಂಬಬೇಕು

ಪುಣೆಯಲ್ಲಿ ಮಳೆ ಹಿಡಿದು ಎರಡು ಮೂರು ವಾರ ಕಳೆಯುವಷ್ಟರಲ್ಲಿ ನಮ್ಮ ಕಣ್ಣಿನ ಚಿಕಿತ್ಸಾಲಯದ ಬೆಂಚಿನ ಮೇಲೆ ಕಪ್ಪು ಕನ್ನಡಕ ತೊಟ್ಟವರ ಸಾಲು ಬೆಳೆಯತೊಡಗುತ್ತದೆ. ಮರಾಠಿಯವರು ‘ಡೋಳೆ ಆಲೇತ್’ ಎನ್ನುತ್ತಾರೆ, ಬೆಳಗಾವಿ ಧಾರವಾಡದ ಕಡೆಯವರು ‘ಕಣ್ಣ ಬಂದಾವ್ರೀ’ ಎನ್ನುತ್ತಾರೆ, ಕರಾವಳಿಯಿಂದ ಬಂದು ಇಲ್ಲಿಯ ಉಡುಪಿ ಹೋಟೆಲುಗಳಲ್ಲಿ ದುಡಿಯುವ ಹುಡುಗರು ‘ಕಣ್ಣು ಬೇನೆ ಮಾರಾಯ್ರೆ’ ಎನ್ನುತ್ತಾರೆ, ಹಿಂಜವಡಿಯ ಕಂಪನಿಗಳಿಗೆ ಬೆಂಗಳೂರಿನಿಂದ ಬಂದವರ ಬಾಯಲ್ಲಿ ಅದು ‘ಮದ್ರಾಸ್ ಐ’. ಹೆಸರು ನಾಲ್ಕಾದರೂ ಕೇಳುವ ಮಾತುಗಳು ಹೆಚ್ಚುಕಡಿಮೆ ಅವೇ: ಇದು ವೈರಸ್ಸಿನಿಂದ ಬಂದದ್ದೇ, ಎಷ್ಟು ದಿನ ರಜೆ ಹಾಕಬೇಕು, ಕೊರೊನಾ ಕಾಲದಲ್ಲಿ ಮನೆಯಲ್ಲೇ ನೋಡಿಕೊಳ್ಳುತ್ತಿದ್ದಂಥ ಗೆರೆಯ ಟೆಸ್ಟ್ ಇದಕ್ಕೂ ಇದೆಯೇ.

ಅಂಥ ತಪಾಸಣೆ ಇದೆ. ಹತ್ತು ನಿಮಿಷಗಳಲ್ಲಿ ಫಲಿತಾಂಶ ಕೊಡುತ್ತದೆ, ಸರಿಯಾದ ದಿನ ಸರಿಯಾದ ಕಣ್ಣಿನಿಂದ ಮಾದರಿ ತೆಗೆದರೆ ಬಹಳ ಉಪಯುಕ್ತವೂ ಹೌದು. ಆದರೆ ಅದರ ಉತ್ತರವನ್ನು ತಪ್ಪಾಗಿ ಓದಿದರೆ ಒಬ್ಬರ ಕಣ್ಣು ಬೇನೆ ಇಡೀ ಕೋಣೆಗೆ ಹರಡುತ್ತದೆ, ಮತ್ತು ಅಂಥ ತಪ್ಪು ನನ್ನ ಕೈಯಿಂದಲೇ ಒಮ್ಮೆ ಆಗಿದೆ. ದೃಷ್ಟಿ ಪರೀಕ್ಷಿಸಿ ಕನ್ನಡಕ ಕೊಡುವ ಆಪ್ಟೋಮೆಟ್ರಿಸ್ಟ್ ಆಗಿ ವರ್ಷಗಟ್ಟಲೆ ಕೆಂಪು ಕಣ್ಣುಗಳನ್ನು ನೋಡುತ್ತ ಬಂದವನಾಗಿ, ತಪಾಸಣೆ ಮಾಡಿಸಿಕೊಳ್ಳುವವರಿಗೂ, ಅವರನ್ನು ಕೆಲಸಕ್ಕಿಟ್ಟುಕೊಂಡವರಿಗೂ, ನನ್ನಂತೆ ಚಿಕಿತ್ಸಾಲಯಗಳಲ್ಲಿ ಕಿಟ್ ಹಿಡಿಯುವ ಸಹಾಯಕರಿಗೂ ಇದನ್ನು ಬರೆಯುತ್ತಿದ್ದೇನೆ.

ತಪಾಸಣೆ ಹುಡುಕುವುದು ಏನನ್ನು

ಕಣ್ಣಿನ ಬಿಳಿಭಾಗವನ್ನೂ ರೆಪ್ಪೆಗಳ ಒಳಮೈಯನ್ನೂ ಹೊದ್ದಿರುವ ತೆಳುವಾದ ಪೊರೆಗೆ ಕಂಜಂಕ್ಟೈವಾ ಎಂದು ಹೆಸರು. ಅದು ಸೋಂಕು ತಗುಲಿ ಊದಿಕೊಂಡು ಕೆಂಪೇರುವುದನ್ನೇ ನಾವು ಕಣ್ಣು ಬೇನೆ ಎನ್ನುತ್ತೇವೆ. ಮಕ್ಕಳಲ್ಲಿ ಬ್ಯಾಕ್ಟೀರಿಯಾದ ಪಾಲು ಗಣನೀಯವಾಗಿದ್ದರೂ, ದೊಡ್ಡವರಲ್ಲಿ ಸೋಂಕಿನಿಂದ ಬರುವ ಕಣ್ಣು ಬೇನೆಗೆ ಬಹುಪಾಲು ವೈರಸ್ಸೇ ಕಾರಣ, ಮತ್ತು ಆ ವೈರಸ್ಸುಗಳಲ್ಲಿ ಜಗತ್ತಿನಾದ್ಯಂತ ಅತಿ ಹೆಚ್ಚಾಗಿ ಕಾಣಿಸುವುದು ಅಡಿನೋವೈರಸ್. ಇದರಲ್ಲಿ ಅನೇಕ ಬಗೆಗಳಿವೆ. 3, 4 ಮತ್ತು 7ನೆಯ ಬಗೆಗಳು ಕಣ್ಣಿನ ಜೊತೆಗೆ ಗಂಟಲು ನೋವನ್ನೂ ಜ್ವರವನ್ನೂ ತರುತ್ತವೆ. 8, 37 ಮತ್ತು 64ನೆಯ ಬಗೆಗಳು ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪಟಲವಾದ ಕಾರ್ನಿಯಾದವರೆಗೂ ಹೋಗಿ ವಾರಗಟ್ಟಲೆ ದೃಷ್ಟಿಯನ್ನು ಮಂಜು ಮಾಡಬಲ್ಲವು.

ಬಗೆಗಳು ಎಷ್ಟೇ ಇದ್ದರೂ ಅವೆಲ್ಲಕ್ಕೂ ಇಪ್ಪತ್ತು ಮುಖಗಳ ಒಂದೇ ಮಾದರಿಯ ಚಿಪ್ಪು ಇರುತ್ತದೆ, ಆ ಚಿಪ್ಪು ಬಹುಮಟ್ಟಿಗೆ ಹೆಕ್ಸಾನ್ ಎಂಬ ಪ್ರೋಟೀನಿನ 240 ಘಟಕಗಳಿಂದ ಕಟ್ಟಲ್ಪಟ್ಟಿರುತ್ತದೆ. ಶೀಘ್ರ ತಪಾಸಣೆಯ ಕಿಟ್ ಹುಡುಕುವುದು ಈ ಹೆಕ್ಸಾನನ್ನು. ಕೆಳರೆಪ್ಪೆಯ ಒಳಮೈಯಿಂದ ತೆಗೆದ ದ್ರವವು ಪಟ್ಟಿಯ ಮೇಲೆ ಹರಿಯುವಾಗ ಬಣ್ಣ ಕಟ್ಟಿದ ಪ್ರತಿಕಾಯಗಳು (ಆಂಟಿಬಾಡಿಗಳು) ಹೆಕ್ಸಾನಿಗೆ ಅಂಟಿಕೊಳ್ಳುತ್ತವೆ, ಮುಂದೆ ಗೆರೆಯ ಜಾಗದಲ್ಲಿ ಕಾದಿರುವ ಇನ್ನೊಂದು ಪ್ರತಿಕಾಯದ ಸಾಲು ಆ ಜೋಡಿಯನ್ನು ಹಿಡಿದು ನಿಲ್ಲಿಸುತ್ತದೆ, ಹೀಗೆ ಸಾಕಷ್ಟು ಜೋಡಿಗಳು ಒಂದೆಡೆ ನಿಂತಾಗ ಗೆರೆ ಕಣ್ಣಿಗೆ ಕಾಣುತ್ತದೆ. ಗರ್ಭ ಪರೀಕ್ಷೆಯ ಪಟ್ಟಿ ಮತ್ತು ಕೊರೊನಾ ಕಿಟ್ ಕೆಲಸ ಮಾಡುವ ರೀತಿಯೂ ಇದೇ. ಅಮೆರಿಕದಲ್ಲಿ ಅನುಮತಿ ಪಡೆದು ಅಡಿನೋಪ್ಲಸ್ ಎಂಬ ಹೆಸರಿನಿಂದ, ಆಮೇಲೆ ಕ್ವಿಕ್‌ವ್ಯೂ ಎಂಬ ಹೆಸರಿನಿಂದ ಮಾರಾಟವಾದ ಕಿಟ್ ಈ ಜಾತಿಯಲ್ಲಿ ಹೆಚ್ಚು ಅಧ್ಯಯನಕ್ಕೊಳಗಾದದ್ದು.

ಇಲ್ಲಿಯೇ ಒಂದು ಮಾತನ್ನು ಗಟ್ಟಿ ಮಾಡಿಕೊಳ್ಳಬೇಕು. ಈ ಪಟ್ಟಿಗೆ ಗುರುತು ಹಿಡಿಯಲು ಬರುವುದು ಅಡಿನೋವೈರಸ್ ಒಂದನ್ನೇ. ಬ್ಯಾಕ್ಟೀರಿಯಾ, ಹರ್ಪಿಸ್, ಅಲರ್ಜಿ, ಮತ್ತು ನಮ್ಮ ಮಳೆಗಾಲದ ದೊಡ್ಡ ಅಲೆಗಳಿಗೆ ಹಲವು ಬಾರಿ ಕಾರಣವಾಗಿರುವ ಎಂಟೆರೋವೈರಸ್ ಗುಂಪು, ಇವೆಲ್ಲವೂ ಅದರ ಮುಂದೆ ಹಾದುಹೋದರೂ ಅದು ಸುಮ್ಮನೆ ಕುಳಿತಿರುತ್ತದೆ.

ಕಿಟ್ ಬೇಡ, ಮೊದಲು ವೈದ್ಯರು

ಯಾವುದೇ ತಪಾಸಣೆಗಿಂತ ಮುಂಚೆ ನಾನು ರೋಗಿಯನ್ನು ಕೇಳುವ ಕೆಲವು ಪ್ರಶ್ನೆಗಳಿವೆ, ಅವುಗಳಲ್ಲಿ ಒಂದಕ್ಕೆ ಹೌದೆಂಬ ಉತ್ತರ ಬಂದರೂ ಕಿಟ್‌ನ ಪೊಟ್ಟಣವನ್ನು ತೆರೆಯದೆ ಅವರನ್ನು ಕಣ್ಣಿನ ವೈದ್ಯರ ಮುಂದೆ ಕೂರಿಸುತ್ತೇನೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತೀರಾ? ಹಾಕುವವರಲ್ಲಿ ಕೆಂಪು ಕಣ್ಣೆಂದರೆ ಕಾರ್ನಿಯಾದ ಹುಣ್ಣು ಆಗಿರಬಹುದು, ಅದು ಗಂಟೆಗಳ ಲೆಕ್ಕದಲ್ಲಿ ಕೆಡುತ್ತದೆ. ಕಣ್ಣು ಮಿಟುಕಿಸಿ ಪಿಸುರು ಸರಿದ ಮೇಲೂ ಮಂಜಾಗಿಯೇ ಕಾಣುತ್ತಿದೆಯೇ? ಬೆಳಕು ನೋಡಲಾಗದಷ್ಟು ಚುಚ್ಚುತ್ತಿದೆಯೇ, ನೋವು ಕಣ್ಣಿನ ಆಳದಿಂದ ಬರುತ್ತಿದೆಯೇ? ಕಣ್ಣಿಗೆ ಸುಣ್ಣ, ಸಿಮೆಂಟು, ಶುಚಿ ಮಾಡುವ ದ್ರಾವಣ ಏನಾದರೂ ಸಿಡಿದಿದೆಯೇ? ಹಾಗಿದ್ದರೆ ಮೊದಲು ಧಾರಾಳವಾಗಿ ನೀರಿನಲ್ಲಿ ತೊಳೆಯಬೇಕು, ಉಳಿದದ್ದೆಲ್ಲ ಆಮೇಲೆ. ರೆಪ್ಪೆಯ ಮೇಲೆ ಸಣ್ಣ ನೀರುಗುಳ್ಳೆಗಳು ಎದ್ದಿವೆಯೇ? ಅದು ಹರ್ಪಿಸ್ ಆಗಿರಬಹುದು, ಹರ್ಪಿಸ್ ಇದ್ದ ಕಣ್ಣಿಗೆ ಅಂಗಡಿಯಿಂದ ತಂದ ಸ್ಟೀರಾಯ್ಡ್ ಹನಿ ಬಿದ್ದರೆ ಕಾರ್ನಿಯಾ ಕರಗುವ ಅಪಾಯವಿದೆ.

ಹುಟ್ಟಿದ ಒಂದು ತಿಂಗಳೊಳಗಿನ ಮಗುವಿನ ಕಣ್ಣು ಕೆಂಪಾಗಿ ಕೀವು ಬಂದರೆ ಅದನ್ನು ತುರ್ತೆಂದೇ ಭಾವಿಸಬೇಕು. ನಮ್ಮ ಕಡೆ ಬಾಣಂತಿಯ ಕೋಣೆಯಲ್ಲಿ ಮಗುವಿನ ಕಣ್ಣಿಗೆ ಎದೆಹಾಲು ಬಿಡುವ ರೂಢಿ ಇದೆ, ಊರಿನಿಂದ ಬಂದ ಅಜ್ಜಿಯರು ದೊಡ್ಡವರಿಗೆ ನಂದಿಬಟ್ಟಲು ಹೂವನ್ನು ನೆನೆಸಿದ ನೀರನ್ನು ಹಾಕುವುದುಂಟು. ಪ್ರೀತಿಯಿಂದ ಮಾಡುವ ಕೆಲಸವೆಂದು ನನಗೆ ಗೊತ್ತು, ನನ್ನ ಮನೆಯಲ್ಲೂ ಅದು ನಡೆದಿದೆ. ಆದರೂ ಸೋಂಕಾದ ಕಣ್ಣಿಗೆ ಶುದ್ಧೀಕರಿಸದ ಯಾವ ದ್ರವವನ್ನೂ ಬಿಡಬಾರದು ಎಂದು ಕೈಮುಗಿದು ಹೇಳುತ್ತೇನೆ.

ಹಾಗಾದರೆ ಈ ಕಿಟ್ ಯಾರಿಗೆ? ಕಣ್ಣು ಕೆಂಪಾಗಿ ಏಳು ದಿನಗಳೊಳಗೆ ಬಂದವರಿಗೆ, ನೀರು ಸುರಿಯುತ್ತಿರುವವರಿಗೆ, ಮರಳು ಬಿದ್ದಂತೆ ಕಿರಿಕಿರಿ ಇರುವವರಿಗೆ, ಮೊದಲು ಒಂದು ಕಣ್ಣಿಗೆ ಬಂದು ಆಮೇಲೆ ಇನ್ನೊಂದಕ್ಕೆ ಹರಡಿದವರಿಗೆ. ಕಿವಿಯ ಮುಂಭಾಗದಲ್ಲಿ, ದವಡೆ ಶುರುವಾಗುವ ಜಾಗದಲ್ಲಿ ಬೆರಳಿಟ್ಟು ಒತ್ತಿದಾಗ ನೋಯುವ ಸಣ್ಣ ಗಂಟು ಸಿಕ್ಕರೆ, ಕೆಳರೆಪ್ಪೆಯನ್ನು ಎಳೆದು ನೋಡಿದಾಗ ಒಳಗೆ ನೆನೆಸಿದ ಸಬ್ಬಕ್ಕಿಯ ಪುಟ್ಟ ಕಾಳುಗಳಂಥ ಉಬ್ಬುಗಳು ಕಂಡರೆ, ವೈರಸ್ಸಿನ ಅನುಮಾನ ಬಲವಾಗುತ್ತದೆ. ತುರಿಕೆಯೇ ಮುಖ್ಯ ದೂರಾಗಿದ್ದರೆ ಅಲರ್ಜಿಯ ಕಡೆಗೆ ಯೋಚಿಸಬೇಕು. ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿತ್ತು ಎಂಬ ಒಂದೇ ಕಾರಣದಿಂದ ಬ್ಯಾಕ್ಟೀರಿಯಾ ಎಂದು ತೀರ್ಮಾನಿಸಬಾರದು, ಏಕೆಂದರೆ ವೈರಸ್ ಸೋಂಕಿನಲ್ಲೂ ರೆಪ್ಪೆ ಅಂಟಿಕೊಳ್ಳುತ್ತದೆ.

ಕಿಟ್‌ನ ಪೊಟ್ಟಣವನ್ನು ನೋಡುವ ಬಗೆ

ಈ ಕಿಟ್ ಪ್ರತಿ ಚಿಕಿತ್ಸಾಲಯದಲ್ಲೂ ಇರುವುದಿಲ್ಲ, ಆದ್ದರಿಂದ ಹೋಗುವ ಮೊದಲು ಫೋನ್ ಮಾಡಿ ಕೇಳುವುದು ಒಳ್ಳೆಯದು. ಕೇಳುವಾಗ ‘ಅಡಿನೋವೈರಸ್ ಟೆಸ್ಟ್ ಇದೆಯೇ’ ಎಂದಷ್ಟೇ ಕೇಳಿದರೆ ಸಾಲದು. ಮಕ್ಕಳ ಭೇದಿಗೆ ಕಾರಣ ಹುಡುಕಲು ರೋಟಾವೈರಸ್ ಮತ್ತು ಅಡಿನೋವೈರಸ್ ಎರಡನ್ನೂ ಮಲದಲ್ಲಿ ಪರೀಕ್ಷಿಸುವ ಕಾರ್ಡುಗಳು ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿವೆ, ಅವನ್ನು ಕಣ್ಣೀರಿಗೆ ಬಳಸುವಂತಿಲ್ಲ. ಗಂಟಲಿನ ಮಾದರಿಗೆಂದು ತಯಾರಾದವೂ ಇವೆ. ಪೊಟ್ಟಣದ ಮೇಲೆ ಕಣ್ಣಿನ ಮಾದರಿ ಅಥವಾ ಕಣ್ಣೀರು ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಅದು ನಮ್ಮ ಕೆಲಸಕ್ಕೆ ಬರುತ್ತದೆ. ಕೊರೊನಾ ಕಿಟ್‌ನ ಹತ್ತಿಕಡ್ಡಿಯನ್ನು ಕಣ್ಣಿಗೆ ಹಾಕಿಕೊಂಡು ಬಂದ ವಿದ್ಯಾರ್ಥಿಯೊಬ್ಬನನ್ನು ನಾನು ನೋಡಿದ್ದೇನೆ; ಅದು ಅಡಿನೋವೈರಸ್ಸನ್ನು ತೋರಿಸುವುದಿಲ್ಲ, ಕಾರ್ನಿಯಾವನ್ನು ಮಾತ್ರ ಗೀರುತ್ತದೆ.

ಅವಧಿಯ ದಿನಾಂಕವನ್ನು ಎಲ್ಲರೂ ನೋಡುತ್ತಾರೆ, ಇಟ್ಟಿದ್ದ ಜಾಗವನ್ನು ಯಾರೂ ಕೇಳುವುದಿಲ್ಲ. ಪಟ್ಟಿಯ ಮೇಲಿನ ಪ್ರತಿಕಾಯಗಳು ಶಾಖಕ್ಕೂ ತೇವಕ್ಕೂ ಸೂಕ್ಷ್ಮ. ಏಪ್ರಿಲ್ ತಿಂಗಳಲ್ಲಿ ಪುಣೆಯ ಸೆಕೆ 40 ಡಿಗ್ರಿಯ ಹತ್ತಿರ ಹೋಗುವಾಗ ಕಿಟಕಿಯ ಪಕ್ಕದ ಕಪಾಟಿನಲ್ಲಿ ಇಟ್ಟಿದ್ದ ಕಿಟ್ ಜುಲೈನಲ್ಲಿ ಸರಿಯಾದ ಉತ್ತರ ಕೊಡುತ್ತದೆಂದು ನಂಬಲಾಗದು. ಪೆಟ್ಟಿಗೆಯ ಮೇಲೆ ಬರೆದ ತಾಪಮಾನದ ಮಿತಿಯೊಳಗೇ ಅದನ್ನು ಇಡಬೇಕು, ಫ್ರಿಜ್‌ನಲ್ಲಿ ಇಟ್ಟಿದ್ದರೆ ಕೋಣೆಯ ಹದಕ್ಕೆ ಬಂದ ಮೇಲೆಯೇ ಬಳಸಬೇಕು, ಮುಂಬಯಿ ಮತ್ತು ಗೋವೆಯಂಥ ತೇವದ ಊರುಗಳಲ್ಲಿ ಬೆಳ್ಳಿಬಣ್ಣದ ಒಳಚೀಲವನ್ನು ರೋಗಿ ಕುರ್ಚಿಯಲ್ಲಿ ಕುಳಿತ ಮೇಲೆಯೇ ಹರಿಯಬೇಕು.

ಮಾದರಿ ತೆಗೆಯುವ ಕ್ರಮ

ಇದನ್ನು ಮನೆಯಲ್ಲಿ ಸ್ವತಃ ಮಾಡಿಕೊಳ್ಳಬಾರದು. ತರಬೇತಿ ಇರುವವರ ಕೈಯಲ್ಲಿ ಆಗಬೇಕಾದ ಕೆಲಸ ಇದು. ಆದರೂ ಕ್ರಮ ಹೇಗಿರುತ್ತದೆಂದು ರೋಗಿಗೆ ಗೊತ್ತಿದ್ದರೆ ಹೆದರಿಕೆ ಕಡಿಮೆಯಾಗುತ್ತದೆ, ಮಾಡುವವರು ಅವಸರ ಪಟ್ಟರೆ ಕೇಳುವ ಧೈರ್ಯವೂ ಬರುತ್ತದೆ.

ಕೈಯನ್ನು ಸೋಪಿನಿಂದ ತೊಳೆದು ಹೊಸ ಕೈಗವಸು ತೊಡಬೇಕು. ಎರಡೂ ಕಣ್ಣು ಕೆಂಪಾಗಿದ್ದರೆ ಹೆಚ್ಚು ತೊಂದರೆ ಇರುವ ಕಣ್ಣನ್ನು ಆರಿಸಿಕೊಳ್ಳಬೇಕು. ರೋಗಿಯನ್ನು ಮೇಲಕ್ಕೆ ನೋಡಲು ಹೇಳಿ, ಕೆಳರೆಪ್ಪೆಯನ್ನು ಮೆಲ್ಲನೆ ಕೆಳಗೆ ಎಳೆದು, ಗುಲಾಬಿ ಬಣ್ಣದ ಒಳಮೈ ಕಾಣುವಂತೆ ಹಿಡಿಯಬೇಕು. ಕಿಟ್‌ನ ಜೊತೆಗೆ ಬರುವ ಮೆತ್ತನೆಯ ತುದಿಯ ಮಾದರಿ ಸಂಗ್ರಾಹಕವನ್ನು ಆ ಒಳಮೈಯ ಮೇಲೆ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ಜಾಗ ಬದಲಿಸುತ್ತ ಆರರಿಂದ ಎಂಟು ಬಾರಿ ಮುಟ್ಟಿಸಿ ಎಳೆಯಬೇಕು, ಆಮೇಲೆ ಐದು ಸೆಕೆಂಡು ಅಲ್ಲೇ ಒರಗಿಸಿ ಹಿಡಿಯಬೇಕು. ತುದಿ ಪೂರ್ತಿ ಒದ್ದೆಯಾಗಿ ಹೊಳೆಯಬೇಕು. ಕೆನ್ನೆಯ ಮೇಲೆ ಹರಿದ ಕಣ್ಣೀರನ್ನಾಗಲಿ ರೆಪ್ಪೆಕೂದಲಿಗೆ ಅಂಟಿದ ಪಿಸುರನ್ನಾಗಲಿ ತೆಗೆದುಕೊಂಡರೆ ಪ್ರಯೋಜನವಿಲ್ಲ, ಏಕೆಂದರೆ ವೈರಸ್ ಬೆಳೆಯುತ್ತಿರುವುದು ಪೊರೆಯ ಜೀವಕೋಶಗಳಲ್ಲಿ, ನಮಗೆ ಬೇಕಾದದ್ದು ಅವುಗಳ ಮೇಲ್ಮೈಯ ತೇವ. ನಾನು ನೋಡಿದ ಮಟ್ಟಿಗೆ ಫಲಿತಾಂಶ ಕೆಡುವುದು ಹೆಚ್ಚಾಗಿ ಈ ಒಂದು ಹಂತದಲ್ಲಿ. ರೋಗಿ ಮುಖ ಹಿಂಡಿದ ತಕ್ಷಣ ನಮ್ಮ ಕೈ ಹಿಂದೆ ಸರಿಯುತ್ತದೆ, ಎರಡು ಬಾರಿ ಮುಟ್ಟಿಸಿ ಮುಗಿಸಿಬಿಡುತ್ತೇವೆ. ಸ್ವಲ್ಪ ಕಿರಿಕಿರಿ ಆಗುತ್ತದೆ, ಗಾಯವಾಗುವುದಿಲ್ಲ ಎಂದು ಮೊದಲೇ ಹೇಳಿದರೆ ಹೆಚ್ಚಿನವರು ಸಹಿಸಿಕೊಳ್ಳುತ್ತಾರೆ.

ಅನಂತರ ಸಂಗ್ರಾಹಕವನ್ನು ಪಟ್ಟಿ ಇರುವ ಕ್ಯಾಸೆಟ್ಟಿಗೆ ಕೂಡಿಸಿ ಎರಡೂ ಕಡೆ ಒತ್ತಿ ಕೂರಿಸಬೇಕು. ಸರಿಯಾಗಿ ಕೂರದಿದ್ದರೆ ಮಾದರಿ ಪಟ್ಟಿಗೆ ಇಳಿಯುವುದೇ ಇಲ್ಲ. ಹೀರುವ ತುದಿಯನ್ನು ದ್ರಾವಣದ ಶೀಶೆಯಲ್ಲಿ ಸುಮಾರು 20 ಸೆಕೆಂಡು ಅದ್ದಿ, ಸಮತಟ್ಟಾದ ಮೇಜಿನ ಮೇಲಿಟ್ಟು, ಗಡಿಯಾರ ನೋಡಿ ಹತ್ತು ನಿಮಿಷ ಕಾಯಬೇಕು. ಇದು ನಾನು ಬಳಸಿದ ಬಗೆಯ ಕಿಟ್‌ನ ಕ್ರಮ. ಬೇರೆ ಕಿಟ್‌ಗಳಲ್ಲಿ ಹನಿ ಹಾಕುವ ಬಾಟಲಿ ಇರಬಹುದು, ಸಮಯವೂ ಬೇರೆ ಇರಬಹುದು, ಆದ್ದರಿಂದ ಒಳಗಿನ ಕರಪತ್ರದಲ್ಲಿ ಬರೆದದ್ದೇ ಅಂತಿಮ. ಅರಿವಳಿಕೆಯ ಹನಿ ಮತ್ತು ಕಾರ್ನಿಯಾದ ಗಾಯ ಕಾಣಲು ಹಾಕುವ ಹಳದಿ ಬಣ್ಣದ ಹನಿಯನ್ನು ತಪಾಸಣೆಗೆ ಮೊದಲು ಹಾಕಬಹುದೋ ಇಲ್ಲವೋ ಎಂಬುದನ್ನೂ ಅದರಲ್ಲೇ ಓದಿ ನಡೆಯಬೇಕು.

ಗೆರೆಯನ್ನು ಓದುವುದು

ನಾನು ಬಳಸಿದ ಕಿಟ್‌ನಲ್ಲಿ ನೀಲಿ ಗೆರೆ ಬಂದರೆ ಪಟ್ಟಿ ಕೆಲಸ ಮಾಡಿದೆ ಎಂದರ್ಥ, ಅದರ ಜೊತೆಗೆ ಕೆಂಪು ಗೆರೆಯೂ ಬಂದರೆ ಅಡಿನೋವೈರಸ್ ಇದೆ ಎಂದರ್ಥ. ಕೆಂಪು ಗೆರೆ ಎಷ್ಟು ತೆಳುವಾಗಿದ್ದರೂ, ಅರ್ಧಕ್ಕೇ ನಿಂತಿದ್ದರೂ, ಅದನ್ನು ಪಾಸಿಟಿವ್ ಎಂದೇ ಓದಬೇಕು. ನೀಲಿ ಗೆರೆಯೇ ಬಾರದಿದ್ದರೆ ಆ ತಪಾಸಣೆ ಅಸಿಂಧು, ಹೊಸ ಕಿಟ್ ಬೇಕು. ನಿಗದಿತ ಸಮಯ ಕಳೆದು ಗಂಟೆಗಳಾದ ಮೇಲೆ ಕಸದ ಬುಟ್ಟಿಯಿಂದ ತೆಗೆದು ನೋಡಿದಾಗ ಮೂಡಿದ್ದ ಗೆರೆಗೆ ಬೆಲೆ ಇಲ್ಲ. ಓದುವಾಗ ಒಳ್ಳೆಯ ಬೆಳಕಿರಲಿ, ಸಾಧ್ಯವಾದರೆ ಇಬ್ಬರು ಬೇರೆ ಬೇರೆಯಾಗಿ ಓದಲಿ.

ಇನ್ನು ಆ ಉತ್ತರವನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆ. 2013ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ತಪಾಸಣೆ ಅಡಿನೋವೈರಸ್ ಇದ್ದವರಲ್ಲಿ 100ಕ್ಕೆ 90 ಮಂದಿಯನ್ನು ಹಿಡಿದಿತ್ತು, ಇಲ್ಲದವರಲ್ಲಿ 100ಕ್ಕೆ 96 ಮಂದಿಗೆ ಸರಿಯಾಗಿ ಇಲ್ಲ ಎಂದಿತ್ತು. ಎರಡು ವರ್ಷಗಳ ನಂತರ, 2015ರಲ್ಲಿ, ಬ್ರಿಟನ್ನಿನ ಕಣ್ಣಿನ ತುರ್ತು ಚಿಕಿತ್ಸಾ ವಿಭಾಗವೊಂದರಲ್ಲಿ ನಡೆದ ಅಧ್ಯಯನದಲ್ಲಿ ಅದೇ ತಪಾಸಣೆ ಇದ್ದವರಲ್ಲಿ ಹಿಡಿದದ್ದು 100ಕ್ಕೆ ಸುಮಾರು 40 ಮಂದಿಯನ್ನು ಮಾತ್ರ. ಇಲ್ಲದವರಿಗೆ ಇಲ್ಲ ಎನ್ನುವುದರಲ್ಲಿ ಮಾತ್ರ ಅಲ್ಲಿಯೂ 100ಕ್ಕೆ 95ರಷ್ಟು ಸರಿಯಾಗಿತ್ತು. ಈ ಎರಡು ಅಂಕೆಗಳನ್ನು ಅಕ್ಕಪಕ್ಕದಲ್ಲಿಟ್ಟು ಲೆಕ್ಕ ಹಾಕಿದರೆ ವಿಷಯ ತಿಳಿಯಾಗುತ್ತದೆ.

ಕೆಂಪು ಕಣ್ಣಿನ 100 ಮಂದಿ ಬಂದಿದ್ದಾರೆ, ಅವರಲ್ಲಿ 60 ಮಂದಿಗೆ ನಿಜವಾಗಿಯೂ ಅಡಿನೋವೈರಸ್ ಇದೆ ಎಂದಿಟ್ಟುಕೊಳ್ಳೋಣ. ಮೊದಲನೆಯ ಅಧ್ಯಯನದ ಲೆಕ್ಕದಲ್ಲಿ 54 ಮಂದಿ ಸಿಕ್ಕಿಬೀಳುತ್ತಾರೆ, ಆರು ಮಂದಿ ತಪ್ಪಿಸಿಕೊಳ್ಳುತ್ತಾರೆ. ಎರಡನೆಯದರ ಲೆಕ್ಕದಲ್ಲಿ 24 ಮಂದಿ ಮಾತ್ರ ಸಿಗುತ್ತಾರೆ, 36 ಮಂದಿ ನೆಗೆಟಿವ್ ಚೀಟಿ ಹಿಡಿದು ಹೊರಗೆ ಹೋಗುತ್ತಾರೆ. ವೈರಸ್ ಇಲ್ಲದ 40 ಮಂದಿಯಲ್ಲಿ ತಪ್ಪಾಗಿ ಪಾಸಿಟಿವ್ ಆಗುವವರು ಎರಡೂ ಲೆಕ್ಕದಲ್ಲಿ ಸುಮಾರು ಇಬ್ಬರು. ಅಂದರೆ ಕೆಟ್ಟ ಪಕ್ಷದಲ್ಲಿಯೂ 26 ಪಾಸಿಟಿವ್‌ಗಳಲ್ಲಿ 24 ನಿಜ, ಆದರೆ 74 ನೆಗೆಟಿವ್‌ಗಳಲ್ಲಿ 36 ಸುಳ್ಳು. ಪಾಸಿಟಿವ್ ಬಂದರೆ ನಂಬಿ. ನೆಗೆಟಿವ್ ಬಂದರೆ ಅದನ್ನು ‘ಗೊತ್ತಾಗಲಿಲ್ಲ’ ಎಂದು ಓದಿ. ಏಳು ದಿನ ಕಳೆದ ಮೇಲೆ ತಪಾಸಣೆ ಮಾಡಿಸಿದರೆ, ಅಥವಾ ಮಾದರಿ ಸಾಕಷ್ಟು ಬಾರದಿದ್ದರೆ, ನೆಗೆಟಿವ್‌ನ ಬೆಲೆ ಇನ್ನೂ ಇಳಿಯುತ್ತದೆ.

2023ರ ಮಳೆಗಾಲ ಕಲಿಸಿದ್ದು

ಆ ವರ್ಷ ಜುಲೈ ತಿಂಗಳಲ್ಲಿ ಪುಣೆಯ ಹತ್ತಿರದ ಆಳಂದಿಯಲ್ಲಿ ಕಣ್ಣು ಬೇನೆ ಒಮ್ಮೆಗೇ ಹೊತ್ತಿಕೊಂಡಿತು. ಜ್ಞಾನೇಶ್ವರರ ಸಮಾಧಿ ಇರುವ, ವಾರಕರಿ ಎಂಬ ವಿಠ್ಠಲ ಭಕ್ತಿ ಪಂಥದ ಶಿಕ್ಷಣಕ್ಕೆಂದು ಬಂದ ಮಕ್ಕಳು ಗುಂಪುಗುಂಪಾಗಿ ಒಟ್ಟಿಗೆ ವಾಸಿಸುವ ಊರು ಅದು. ಮಾದರಿಗಳನ್ನು ಪುಣೆಯಲ್ಲೇ ಇರುವ ರಾಷ್ಟ್ರೀಯ ವೈರಾಣು ಸಂಸ್ಥೆ ಪರೀಕ್ಷಿಸಿದಾಗ ಸಿಕ್ಕಿದ್ದು ಅಡಿನೋವೈರಸ್ ಅಲ್ಲ, ಎಂಟೆರೋವೈರಸ್ ಗುಂಪಿಗೆ ಸೇರಿದ ಕಾಕ್ಸಾಕಿ ಎ24. ಇದರ ಸಂಬಂಧಿಯಾದ ಎಂಟೆರೋವೈರಸ್ 70 ಎಂಬುದು 1969ರಲ್ಲಿ ಘಾನಾ ದೇಶದಲ್ಲಿ ಮೊದಲ ಬಾರಿ ಕಾಣಿಸಿಕೊಂಡ ಬೇನೆಗೆ ಕಾರಣವಾದದ್ದು. ಮನುಷ್ಯ ಚಂದ್ರನ ಮೇಲೆ ಇಳಿದ ವರ್ಷವಾದ್ದರಿಂದ ಜನ ಅದನ್ನು ಅಪೊಲೊ ಬೇನೆ ಎಂದು ಕರೆದರು, 1971ರಲ್ಲಿ ಅಂಥದೇ ಅಲೆ ಮುಂಬಯಿಗೂ ಬಂತು. ಆ ಅಲೆಯ ಹಿಂದೆಯೇ ಕೆಲವರಿಗೆ ಪೋಲಿಯೋದಂತೆ ಕೈಕಾಲು ಸೋತದ್ದನ್ನು ಮುಂಬಯಿಯ ನರರೋಗ ತಜ್ಞ ಡಾ. ನೋಶಿರ್ ವಾಡಿಯಾ ಮತ್ತು ಅವರ ಸಂಗಡಿಗರು ದಾಖಲಿಸಿದರು. ಅದು ಅಪರೂಪ. ಆದರೂ ಕಣ್ಣು ಬೇನೆ ಬಂದು ಹೋದ ವಾರಗಳಲ್ಲಿ ಕಾಲಿನ ಶಕ್ತಿ ಕುಂದಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನನ್ನ ತಪ್ಪು ನಡೆದದ್ದು ಅದೇ ಜುಲೈನಲ್ಲಿ. ಪೇಟೆ ಭಾಗದ ಉಡುಪಿ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಕುಂದಾಪುರದ ಹುಡುಗನೊಬ್ಬ ಬಂದಿದ್ದ, ಹಿಂದಿನ ರಾತ್ರಿಯಿಂದ ಕಣ್ಣು ಕೆಂಪಾಗಿತ್ತು, ಬಿಳಿಭಾಗದಲ್ಲಿ ಸಣ್ಣ ಸಣ್ಣ ರಕ್ತದ ಚುಕ್ಕೆಗಳಿದ್ದವು. ಕಿಟ್ ಹಾಕಿದೆ, ಕೆಂಪು ಗೆರೆ ಬರಲಿಲ್ಲ. ವೈದ್ಯರು ಇನ್ನೊಬ್ಬರನ್ನು ನೋಡುತ್ತಿದ್ದರು, ಹೊರಗೆ ಬೆಂಚು ತುಂಬಿತ್ತು, ನಾನು ‘ನೆಗೆಟಿವ್ ಬಂದಿದೆ’ ಎಂದಷ್ಟೇ ಹೇಳಿದೆ. ‘ಹಾಗಾದ್ರೆ ನಾಳೆಯಿಂದ ಕೆಲ್ಸಕ್ಕೆ ಹೋಗ್ಬಹುದಲ್ಲ ಸಾರ್’ ಎಂದು ಅವನು ಕೇಳಿದ್ದಕ್ಕೆ ನಾನು ತಲೆಯಾಡಿಸಿದ್ದು ಇಂದಿಗೂ ನೆನಪಿದೆ. ಹೋಟೆಲಿನ ಮಾಳಿಗೆಯಲ್ಲಿ ಒಂಬತ್ತು ಜನ ಒಟ್ಟಿಗೆ ಮಲಗುತ್ತಿದ್ದರು. ನಾಲ್ಕನೆಯ ದಿನ ಅವನ ಧಣಿಗಳು ಫೋನ್ ಮಾಡಿದರು: ‘ನೀವು ನೆಗೆಟಿವ್ ಅಂದ್ರಲ್ಲ ಮಾರಾಯ್ರೆ, ಈಗ ನೋಡಿ, ಭಟ್ರನ್ನೂ ಸೇರಿಸಿ ಆರು ಜನ ಮಲಗಿದ್ದಾರೆ.’ ಅವರ ಮಾತಿನಲ್ಲಿ ಕೋಪಕ್ಕಿಂತ ಅಚ್ಚರಿಯೇ ಹೆಚ್ಚಿತ್ತು, ಅದರಿಂದ ನನಗೆ ಇನ್ನಷ್ಟು ನೋವಾಯಿತು.

ಆ ದಿನದಿಂದ ನಾನು ಗೆರೆಗಿಂತ ಮೊದಲು ದಿನಗಳನ್ನು ಎಣಿಸುತ್ತೇನೆ. ಅಡಿನೋವೈರಸ್ ಮೈಸೇರಿ ಕಣ್ಣು ಕೆಂಪಾಗಲು ಸಾಮಾನ್ಯವಾಗಿ ಐದರಿಂದ ಹನ್ನೆರಡು ದಿನ ಹಿಡಿಯುತ್ತದೆ, ಆದ್ದರಿಂದ ಒಂದು ಮನೆಯಲ್ಲಿ ಅದು ವಾರಕ್ಕೊಬ್ಬರಂತೆ ಹರಡುತ್ತದೆ. ಎಂಟೆರೋವೈರಸ್ ಗುಂಪಿನವು ಒಂದೆರಡು ದಿನಗಳಲ್ಲೇ ಏಳುತ್ತವೆ, ಹಾಗಾಗಿ ಮೂರು ನಾಲ್ಕು ದಿನಗಳಲ್ಲಿ ಕೋಣೆಯೆಲ್ಲ ಕೆಂಪಾಗುತ್ತದೆ. ಊರಿನಲ್ಲಿ ಅಂಥ ಅಲೆ ಎದ್ದಾಗ ಅಡಿನೋ ಕಿಟ್‌ಗೆ ಹೆಚ್ಚಿನ ಕೆಲಸವಿಲ್ಲ. ಬಂದ 100 ಮಂದಿಯಲ್ಲಿ ಐವರಿಗಷ್ಟೇ ಅಡಿನೋವೈರಸ್ ಇದ್ದರೆ ಉಳಿದ 95 ಮಂದಿಯಲ್ಲಿ ನಾಲ್ಕೈದು ತಪ್ಪು ಪಾಸಿಟಿವ್‌ಗಳು ಬರುವುದರಿಂದ, ಆಗ ಪಾಸಿಟಿವ್ ಕೂಡ ಹೆಚ್ಚೆಂದರೆ ಸುಮಾರು ಅರ್ಧದಷ್ಟು ಮಾತ್ರ ನಂಬಿಕೆಗೆ ಅರ್ಹ. ಯಾವ ವೈರಸ್ ಎಂದು ಖಚಿತವಾಗಿ ತಿಳಿಯಬೇಕಾದಾಗ ವೈರಸ್ಸಿನ ವಂಶವಾಹಿಯನ್ನು ಹುಡುಕುವ ಪಿ.ಸಿ.ಆರ್. ಪರೀಕ್ಷೆಯೇ ಸಾಮಾನ್ಯ ದಾರಿ, ಕಣ್ಣಿನ ಮಾದರಿಯನ್ನು ವೈರಸ್ ಸಾಗಣೆಯ ದ್ರಾವಣದಲ್ಲಿಟ್ಟು, ತಂಪಿನಲ್ಲಿ ಪ್ರಯೋಗಾಲಯಕ್ಕೆ ಕಳುಹಿಸಬೇಕಾಗುತ್ತದೆ. ಒಬ್ಬ ರೋಗಿಯ ಚಿಕಿತ್ಸೆಗೆ ಅದು ಅಪರೂಪಕ್ಕೆ ಬೇಕು. ಒಂದು ವಸತಿ ಶಾಲೆಯಲ್ಲೋ ಹಾಸ್ಟೆಲಿನಲ್ಲೋ ಒಮ್ಮೆಗೇ ಹತ್ತಾರು ಜನರಿಗೆ ಬಂದರೆ ಮಹಾನಗರ ಪಾಲಿಕೆಯ ಆರೋಗ್ಯ ವಿಭಾಗಕ್ಕೆ ತಿಳಿಸುವುದು ಸರಿಯಾದ ಕ್ರಮ.

ಉತ್ತರ ಬಂದ ಮೇಲೆ

ಪಾಸಿಟಿವ್ ಬಂದವರಿಗೆ ದೊಡ್ಡ ಲಾಭವೆಂದರೆ ಬೇಡದ ಆಂಟಿಬಯಾಟಿಕ್ ಹನಿ ತಪ್ಪುವುದು. ಅಡಿನೋವೈರಸ್ಸಿನ ಮೇಲೆ ಅದು ಕೆಲಸ ಮಾಡುವುದಿಲ್ಲ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲಿಡುವುದು, ಕಣ್ಣೀರಿನಂಥ ತೇವದ ಹನಿ, ಮತ್ತು ವಿಶ್ರಾಂತಿ, ಹೆಚ್ಚಿನವರಿಗೆ ಇಷ್ಟೇ ಚಿಕಿತ್ಸೆ. ಮೆಡಿಕಲ್ ಅಂಗಡಿಯಲ್ಲಿ ‘ಕಣ್ಣು ಕೆಂಪಾಗಿದೆ’ ಎಂದು ಹೇಳಿ ಸ್ಟೀರಾಯ್ಡ್ ಬೆರೆತ ಹನಿ ತಂದು ಹಾಕಿಕೊಳ್ಳುವುದು ನನ್ನನ್ನು ಅತಿ ಹೆಚ್ಚು ಕಳವಳಕ್ಕೀಡು ಮಾಡುವ ಅಭ್ಯಾಸ. ಎರಡು ದಿನ ಕೆಂಪು ಇಳಿಯುತ್ತದೆ, ಆರಾಮವೆನಿಸುತ್ತದೆ, ಒಳಗೆ ವೈರಸ್ ಹೆಚ್ಚು ದಿನ ಉಳಿದುಕೊಳ್ಳುತ್ತದೆ. ಕಾರ್ನಿಯಾಕ್ಕೆ ತೊಂದರೆಯಾದಾಗ ಕಣ್ಣಿನ ವೈದ್ಯರು ಅಳತೆ ನೋಡಿ ಅದನ್ನು ಕೊಡುವುದುಂಟು. ಆ ನಿರ್ಧಾರ ಅವರದೇ ಆಗಿರಬೇಕು.

ಕೆಲಸದಿಂದ ದೂರವಿರುವ ಅವಧಿ ಅಡಿನೋವೈರಸ್ಸಿಗೆ ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನ. ಹೋಟೆಲಿನ ಧಣಿಗಳಿಗೂ ಪಿ.ಜಿ. ನಡೆಸುವವರಿಗೂ ಇದು ಕಷ್ಟದ ಮಾತು, ದಿನಗೂಲಿಯವರಿಗೆ ಇನ್ನೂ ಕಷ್ಟ, ಆದರೆ ನೆಗೆಟಿವ್ ಬಂದಿದ್ದರೂ ಕಣ್ಣು ಕೆಂಪಾಗಿ ನೀರು ಸುರಿಯುವವರೆಗೆ ಇದೇ ನಿಯಮ ಅನ್ವಯಿಸುತ್ತದೆ. ರಜೆ ಕೊಡಲು ಸಾಧ್ಯವೇ ಇಲ್ಲದಿದ್ದರೆ ಕನಿಷ್ಠ ಬಡಿಸುವ ಕೆಲಸದಿಂದಲೂ ಅಡಿಗೆಮನೆಯಿಂದಲೂ ಅವರನ್ನು ಬಿಡಿಸಿ, ಮಾಳಿಗೆಯಲ್ಲಿ ಬೇರೆ ಮೂಲೆ ಕೊಟ್ಟು, ಟವೆಲು, ದಿಂಬು, ಸೋಪು ಪ್ರತ್ಯೇಕ ಮಾಡಬೇಕು. ಈ ಬೇನೆ ನೋಟದಿಂದ ಹರಡುವುದಿಲ್ಲ; ಕಪ್ಪು ಕನ್ನಡಕ ಬೆಳಕಿನ ಚುಚ್ಚುವಿಕೆಯನ್ನು ತಡೆಯುತ್ತದೆಯೇ ಹೊರತು ಸೋಂಕನ್ನಲ್ಲ. ಹರಡುವುದು ಕಣ್ಣೊರೆಸಿಕೊಂಡ ಕೈಯಿಂದ, ಆ ಕೈ ಮುಟ್ಟಿದ ಮೊಬೈಲ್, ನಲ್ಲಿ, ಪಿ.ಎಂ.ಪಿ. ಬಸ್ಸಿನ ಕಂಬಿಗಳಿಂದ.

ಅಡಿನೋವೈರಸ್ಸಿಗೂ ಎಂಟೆರೋವೈರಸ್ಸಿಗೂ ಹೊರಗಿನ ಕೊಬ್ಬಿನ ಹೊದಿಕೆ ಇಲ್ಲ, ಆದಕಾರಣ ಕೊರೊನಾಕ್ಕೆ ಸಾಕಾಗಿದ್ದ ಆಲ್ಕೋಹಾಲ್ ಸ್ಯಾನಿಟೈಸರ್ ಇವುಗಳ ಮುಂದೆ ದುರ್ಬಲ. ಸೋಪು ಮತ್ತು ಹರಿಯುವ ನೀರಿನಲ್ಲಿ ತಿಕ್ಕಿ ತೊಳೆದರೆ ಅವು ಕೈಯಿಂದ ಜಾರಿಹೋಗುತ್ತವೆ. ಒಣಗಿದ ಜಾಗದ ಮೇಲೆ ಅಡಿನೋವೈರಸ್ ವಾರಗಟ್ಟಲೆ ಬದುಕಿರಬಲ್ಲದು, ಆದ್ದರಿಂದ ಮೇಜು, ಬಾಗಿಲ ಹಿಡಿಗಳನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ಒರೆಸಬೇಕು. ಮಾರುಕಟ್ಟೆಯಲ್ಲಿ ಸಿಗುವ ಸುಮಾರು 5 ಪ್ರತಿಶತದ ದ್ರಾವಣದ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿ, ಆಯಾ ದಿನವೇ ತಯಾರಿಸಿ, ಕಿಟಕಿ ತೆರೆದಿಟ್ಟು ಬಳಸಬೇಕು. ಶೌಚಾಲಯ ತೊಳೆಯುವ ಆಮ್ಲದ ಜೊತೆ ಎಂದಿಗೂ ಬೆರೆಸಬಾರದು, ವಿಷಗಾಳಿ ಏಳುತ್ತದೆ. ಚಿಕಿತ್ಸಾಲಯದವರಿಗೆ ಒಂದು ಮಾತು: ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹಡಗುಕಟ್ಟೆಗಳ ಕೆಲಸಗಾರರಲ್ಲಿ ಈ ಬೇನೆ ಹರಡಿದ್ದು ಕಣ್ಣಿನ ಚಿಕಿತ್ಸೆ ನೀಡುತ್ತಿದ್ದ ಕೋಣೆಗಳಿಂದಲೇ, ಅದಕ್ಕೆ ‘ಶಿಪ್‌ಯಾರ್ಡ್ ಐ’ ಎಂಬ ಹೆಸರೇ ಬಂತು. ಕೆಂಪು ಕಣ್ಣಿನವರಿಗೆ ಬೇರೆ ಕುರ್ಚಿ ಇಡಿ, ಕಣ್ಣಿನ ಒತ್ತಡ ನೋಡುವ ಉಪಕರಣದ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ಸುಮ್ಮನಾಗದೆ ಇದೇ ದ್ರಾವಣದಲ್ಲಿ ಐದರಿಂದ ಹತ್ತು ನಿಮಿಷ ಮುಳುಗಿಸಿ, ಆಮೇಲೆ ಚೆನ್ನಾಗಿ ನೀರಿನಲ್ಲಿ ತೊಳೆದು ಒಣಗಿಸಿ. ತೊಳೆಯದೆ ಬಿಟ್ಟರೆ ಆ ದ್ರಾವಣವೇ ಮುಂದಿನವರ ಕಾರ್ನಿಯಾವನ್ನು ಸುಡುತ್ತದೆ. ಬಳಸಿದ ಕಿಟ್ ಸೋಂಕಿತ ತ್ಯಾಜ್ಯದ ಚೀಲಕ್ಕೆ ಹೋಗಬೇಕು.

ಕೆಂಪು ಇಳಿದ ಮೇಲೂ ಒಂದು ಭೇಟಿ ಬಾಕಿ ಇರುತ್ತದೆ. ಅಡಿನೋವೈರಸ್ಸಿನ ಕೆಲವು ಬಗೆಗಳಲ್ಲಿ ಎರಡು ವಾರಗಳ ಸುಮಾರಿಗೆ ಕಾರ್ನಿಯಾದ ಮೇಲ್ಪದರದ ಕೆಳಗೆ ನಾಣ್ಯದಂಥ ಸಣ್ಣ ಬಿಳಿಚುಕ್ಕೆಗಳು ಮೂಡುತ್ತವೆ. ಆಗ ರಾತ್ರಿ ಎದುರಿನ ವಾಹನಗಳ ದೀಪದ ಸುತ್ತ ಬಳೆಯಂತೆ ಬೆಳಕು ಹರಡುತ್ತದೆ, ಓದುವಾಗ ಅಕ್ಷರ ಮಸುಕಾಗುತ್ತದೆ. ಕಣ್ಣು ಬೆಳ್ಳಗಾಗಿರುವುದರಿಂದ ಇದಕ್ಕೂ ಹಳೆಯ ಬೇನೆಗೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ, ಹೊಸ ಕನ್ನಡಕಕ್ಕೆಂದು ನನ್ನ ಬಳಿ ಬರುತ್ತಾರೆ. ತಪಾಸಣೆ ಪಾಸಿಟಿವ್ ಬಂದ ದಿನಾಂಕವನ್ನು ಬರೆದಿಟ್ಟುಕೊಂಡು, ಮೂರನೆಯ ವಾರದಲ್ಲಿ ಇಂಥ ಮಸುಕು ಕಂಡರೆ ಆ ಚೀಟಿಯ ಜೊತೆಗೆ ಕಣ್ಣಿನ ವೈದ್ಯರಲ್ಲಿಗೆ ಹೋಗಿ.